ಸಣ್ಣ ಕೈಗೆ ಎಂಥ ಮೌಸ್?

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಾನು ಬಿ.ಕಾಂ. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ರಾತ್ರಿ ಗೆಳತಿಯರ ಜೊತೆ ವ್ಯಾಲರಂಟ್ ಅನ್ನುವ ಶೂಟಿಂಗ್ ಗೇಮ್ ಆಡುತ್ತೇನೆ. ಅಣ್ಣ ಕೆಲಸಕ್ಕೆ ಬೆಂಗಳೂರಿಗೆ ಹೋಗುವಾಗ ತನ್ನ ಗೇಮಿಂಗ್ ಮೌಸ್ ನನಗೆ ಬಿಟ್ಟು ಹೋದ. ಮೌಸ್ ಚೆನ್ನಾಗಿದೆ, ಆದರೆ ನನಗೆ ಭಾಳ ದೊಡ್ಡದು. ಪಕ್ಕದ ಎರಡು ಬಟನ್‌ಗಳಲ್ಲಿ ಮುಂದಿನದು ಹೆಬ್ಬೆರಳಿಗೆ ಎಟುಕುವುದಿಲ್ಲ. ಕಿರುಬೆರಳು ಪ್ಯಾಡಿಗೆ ಉಜ್ಜಿ ಉರಿಯುತ್ತದೆ. ಅರ್ಧ ತಾಸು ಆಡಿದರೆ ತೋರುಬೆರಳಿನ ಬುಡ ನೋಯುತ್ತದೆ. ಅಂಗಡಿಯಲ್ಲಿ ಕೇಳಿದರೆ "ರೂಢಿ ಆಗ್ತೈತಿ ಬಿಡ್ರಿ" ಅಂದರು. ಇನ್ನೊಂದು ಅಂಗಡಿಯವರು ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಇಡುವಂಥ ಪುಟ್ಟ ಮೌಸ್ ಕೊಟ್ಟರು. ಅದರಲ್ಲಿ ಕೈ ಇನ್ನೂ ಬೇಗ ಸೋಲುತ್ತದೆ. ನನ್ನ ಕೈ 16.2 ಸೆಂ.ಮೀ. ಉದ್ದ, 7.3 ಸೆಂ.ಮೀ. ಅಗಲ. ಡಿಪಿಐ (ಮೌಸ್ ಒಂದು ಇಂಚು ಸರಿದರೆ ಪಾಯಿಂಟರ್ ಎಷ್ಟು ಚುಕ್ಕಿ ಓಡುತ್ತದೆ ಅನ್ನುವ ಲೆಕ್ಕ) 1600, ಗೇಮಿನ ಸೆನ್ಸಿಟಿವಿಟಿ (ಮೌಸ್ ಸರಿಸಿದರೆ ಗೇಮಿನಲ್ಲಿ ನೋಟ ಎಷ್ಟು ತಿರುಗಬೇಕು ಅನ್ನುವುದು) 0.5 ಇಟ್ಟಿದ್ದೇನೆ. 2,000 ರೂಪಾಯಿ ಕೂಡಿಸಿದ್ದೇನೆ. ಯಾವುದು ತಗೊಳ್ಳಲಿ?
— ಓದುಗರು, ಗದಗ-ಬೆಟಗೇರಿ

ಉತ್ತರ: ತಂಗಿ, ರೂಢಿ ಆಗುತ್ತದೆ ಅನ್ನುವ ಮಾತು ನಾನು ಒಪ್ಪುವುದಿಲ್ಲ. ನೀನೂ ಒಪ್ಪಬೇಡ. ನಿನ್ನ ಕೈ ಸರಿಯಾಗಿಯೇ ಇದೆ, ಮೌಸಿನ ಅಳತೆ ತಪ್ಪಿದೆ.

ಹುಬ್ಬಳ್ಳಿಯ ನನ್ನ ರಿಪೇರಿ ಅಂಗಡಿಗೆ ಬರುವ ಮೌಸ್ ನೋಡಿದರೆ, ಅದನ್ನು ಸಣ್ಣ ಕೈಯವರು ಬಳಸಿದ್ದಾರೆ ಅಂತ ಎಷ್ಟೋ ಸಲ ಗೊತ್ತಾಗಿಬಿಡುತ್ತದೆ. ಎಡ ಬಟನ್ನಿನ ತುದಿ ಹೊಸದರ ಹಾಗೇ ಇರುತ್ತದೆ. ನಡುಭಾಗ ಮಾತ್ರ ಸವೆದು ಮಿಂಚುತ್ತಿರುತ್ತದೆ. ಬೆರಳು ಮುಂದಕ್ಕೆ ಮುಟ್ಟುವುದೇ ಇಲ್ಲ, ಅದಕ್ಕೆ ನಡುವೆ ಒತ್ತಿದ್ದಾರೆ. ನಿನ್ನ ನೋವಿನ ಬೇರು ಇಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಮೌಸ್ ಬಟನ್ ಹಿಂದುಗಡೆ ಕೂತಿರುತ್ತದೆ, ಮುಂದುಗಡೆ ಬಾಗುತ್ತದೆ. ಬಾಗಿಲನ್ನು ತಿರುಗುಣಿಯ ಹತ್ತಿರ ಹಿಡಿದು ತಳ್ಳಿ ನೋಡು, ಎಷ್ಟು ಬಲ ಬೇಕು! ಇಲ್ಲೂ ಹಾಗೆಯೇ. ಅಣ್ಣನ ಬೆರಳು ತುದಿಯಲ್ಲಿ ಹಗುರವಾಗಿ ಒತ್ತಿದ ಬಟನ್ನನ್ನೇ ನೀನು ನಡುವೆ ಜಾಸ್ತಿ ಬಲ ಹಾಕಿ ಒತ್ತುತ್ತಿದ್ದೀಯ. ಒಂದು ಮ್ಯಾಚಿನಲ್ಲಿ ಎಷ್ಟು ಕ್ಲಿಕ್ ಆಗುತ್ತವೆ ಅಂತ ನಿನಗೇ ಗೊತ್ತು.

ಹಾಗಂತ ಎಲ್ಲಕ್ಕಿಂತ ಚಿಕ್ಕದನ್ನು ಹುಡುಕಬಾರದು. ಆ ಪುಟ್ಟ ಮೌಸಿನಲ್ಲಿ ಕೈ ಯಾಕೆ ಸೋತಿತು? ಅದು ಚಪ್ಪಟೆ. ಅಂಗೈಗೆ ಆಸರೆ ಇಲ್ಲ. ಪಕ್ಕಗಳೂ ಗಿಡ್ಡ, ಉಂಗುರ ಬೆರಳಿಗೂ ಕಿರುಬೆರಳಿಗೂ ಜಾಗವಿಲ್ಲ. ಕೈ ಗಾಳಿಯಲ್ಲೇ ನಿಂತು ಚಿವುಟಿದ ಹಾಗೆ ಹಿಡಿಯಬೇಕು. ಬಸ್ಸಿನಲ್ಲಿ ಕೂತು ಎಕ್ಸೆಲ್ ತೆರೆಯುವುದಕ್ಕೆ ಅದು ಸಾಕು, ಆಟಕ್ಕಲ್ಲ. ನಿನಗೆ ಬೇಕಾದದ್ದು ಉದ್ದ ಕಡಿಮೆ ಇದ್ದು, ಬೆನ್ನು ಸ್ವಲ್ಪ ಉಬ್ಬಿದ್ದು, ಹಿಡಿಯುವ ಕಡೆ ಸಪೂರ ಇರುವ ಮೌಸ್.

ಕೈ ಅಳತೆ ಕಳಿಸಿದ್ದು ಒಳ್ಳೆಯದಾಯಿತು. ಬೇರೆ ಓದುಗರಿಗೂ ಹೇಳಿಬಿಡುತ್ತೇನೆ: ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗೆ ಉದ್ದ. ಹೆಬ್ಬೆರಳು ಬಿಟ್ಟು ನಾಲ್ಕು ಬೆರಳುಗಳ ಬುಡದಲ್ಲಿ ಅಡ್ಡ ಅಳೆದರೆ ಅಗಲ. ಉದ್ದ 17 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಸಣ್ಣ ಕೈ ಅನ್ನುತ್ತಾರೆ. ಅಂಗಡಿಗೆ ಹೋಗುವಾಗ ಅಳತೆಪಟ್ಟಿ ಬೇಕಿಲ್ಲ, ಹೊಸ ಹತ್ತರ ನೋಟು ಒಂದು ಇದ್ದರೆ ಸಾಕು. ಕೋನಾರ್ಕದ ಚಕ್ರ ಇರುವುದು. ಅದರ ಉದ್ದ 123 ಮಿ.ಮೀ., ಅಗಲ 63 ಮಿ.ಮೀ. ಮೌಸ್ ಆ ನೋಟಿಗಿಂತ ಉದ್ದ ಇದ್ದರೆ ನಿನ್ನ ಕೈಗೆ ಬೇಡ. ನೋಟಿನಿಂದ ಸ್ವಲ್ಪ ಒಳಗೇ ಇರಬೇಕು. ಅಣ್ಣನಂಥವರು ಇಷ್ಟಪಡುವ ದೊಡ್ಡ ಮೌಸ್‌ಗಳು 128 ಮಿ.ಮೀ.ವರೆಗೂ ಇರುತ್ತವೆ, ಬೆನ್ನು 44 ಮಿ.ಮೀ. ಎತ್ತರ.

ನಿನ್ನ ದುಡ್ಡಿಗೆ ನಾನು ಹೇಳುವುದು ಲಾಜಿಟೆಕ್ ಜಿ102. ಉದ್ದ 116.6, ಅಗಲ 62, ಎತ್ತರ 38 ಮಿ.ಮೀ. ತೂಕ 85 ಗ್ರಾಂ. ವೈರ್ ಇರುವುದು, 2,000ದ ಒಳಗೆ ಬರುತ್ತದೆ. ಎಲ್ಲಾದರೂ ಹಳೆಯ ಸ್ಟಾಕಿನಲ್ಲಿ ರೇಜರ್ ವೈಪರ್ ಮಿನಿ ಸಿಕ್ಕರೆ ಅದನ್ನು ಮೊದಲು ಹಿಡಿದು ನೋಡು. ಉದ್ದ ಹೆಚ್ಚುಕಡಿಮೆ ಅಷ್ಟೇ, ಆದರೆ ಹಿಡಿಯುವ ಕಡೆ 53.5 ಮಿ.ಮೀ. ಮಾತ್ರ, ತೂಕ 61 ಗ್ರಾಂ. ನನ್ನ ಕೈಯೂ ನಿನ್ನಷ್ಟೇ ಇದೆ, ನನಗೆ ಅದೇ ಇಷ್ಟ. ಆಡುವಾಗ ಮೌಸ್ ಎತ್ತಿ ಎತ್ತಿ ಇಡುತ್ತೀವಲ್ಲ, ತೂಕ ಗೊತ್ತಾಗುವುದು ಅಲ್ಲೇ. ವೈರ್ ಬೇಡ ಅಂತ ಲಾಜಿಟೆಕ್‌ನದೇ ವೈರ್‌ಲೆಸ್ ಜಿ305 ಕಡೆ ಮನಸ್ಸು ಹೋದೀತು. ಆಕಾರ ಜಿ102ರದ್ದೇ, ಆದರೆ ಒಳಗಿನ ಎಎ ಸೆಲ್ ಸೇರಿ 99 ಗ್ರಾಂ. ಮಾಮೂಲು ಸೆಲ್ ಬದಲು ಲಿಥಿಯಂ ಸೆಲ್ ಹಾಕಿದರೆ ಒಂದು 8 ಗ್ರಾಂ ಇಳಿಯುತ್ತದೆ. ನಿನಗೆ ಸದ್ಯಕ್ಕೆ ಅದು ಬೇಡ, ವೈರ್ ಇರಲಿ. ಬಣ್ಣಬಣ್ಣದ ಆರ್‌ಜಿಬಿ ಬೆಳಕು, ಪೆಟ್ಟಿಗೆ ಮೇಲಿನ ದೊಡ್ಡ ದೊಡ್ಡ ಡಿಪಿಐ ಅಂಕಿ, ಇವುಗಳಿಗೆ ದುಡ್ಡು ಹಾಕಬೇಡ.

ಸಾಧ್ಯವಾದರೆ ಒಂದು ದಿನ ಹುಬ್ಬಳ್ಳಿಗೆ ಬಂದು, ಕೈಯಲ್ಲಿ ಹಿಡಿದು ನೋಡಿ ತಗೋ. ಕೊಪ್ಪಿಕರ್ ರಸ್ತೆ, ವಿದ್ಯಾನಗರ ಎರಡೂ ಕಡೆ ಓಡಾಡು. ಪೆಟ್ಟಿಗೆ ಬಿಚ್ಚಿ ತೋರಿಸದ ಅಂಗಡಿಯಲ್ಲಿ ತಗೋಬೇಡ. ಮೊಳಕೈ ಕೌಂಟರ್ ಮೇಲೆ ಊರು, ಮೌಸ್ ಹಿಡಿ, ಹಿಡಿತ ಬದಲಿಸದೆ ಮುಂದಿನ ಪಕ್ಕದ ಬಟನ್ ಒತ್ತು. ಹೆಬ್ಬೆರಳು ಜಾರಿಸಬೇಕಾಯಿತು ಅಂದರೆ ಅಲ್ಲಿಗೆ ಬಿಟ್ಟುಬಿಡು. ಆಮೇಲೆ ಹೆಬ್ಬೆರಳು, ಉಂಗುರ ಬೆರಳು ಎರಡರಿಂದಲೇ ನಾಲ್ಕಾರು ಸಲ ಎತ್ತಿ ಇಡು. ಅಂಗಡಿಯವರು ಅವಸರ ಮಾಡಿದರೆ ಮಾಡಲಿ. ದುಡ್ಡು ಕೂಡಿಸಿದವಳು ನೀನು, ದಿನಾ ಹಿಡಿಯುವುದೂ ನಿನ್ನ ಕೈ. ಆನ್‌ಲೈನಿನಲ್ಲಿ ತರಿಸುವುದಾದರೆ ಒಂದು ಎಚ್ಚರ: ಅಲ್ಲಿ ಎಷ್ಟೋ ಕಡೆ ಹಾಕಿರುವುದು ಪೆಟ್ಟಿಗೆಯ ಅಳತೆ. ಮೌಸಿನ ಅಳತೆಯನ್ನು ಕಂಪನಿಯ ಪುಟದಲ್ಲೇ ನೋಡು. ವಾಪಸ್ ತಗೊಳ್ಳುತ್ತಾರಾ ಅಂತಲೂ ಓದಿಕೋ.

ಇನ್ನೊಂದು ಮಾತು, ಮೌಸಿಗಿಂತ ಇದು ಕಡಿಮೆಯಲ್ಲ. 1600 ಡಿಪಿಐ, 0.5 ಸೆನ್ಸಿಟಿವಿಟಿ ಅಂದರೆ ವ್ಯಾಲರಂಟ್‌ನಲ್ಲಿ ಪೂರ್ತಿ ಒಂದು ಸುತ್ತು ತಿರುಗಲು ಮೌಸ್ 16 ಸೆಂ.ಮೀ. ಸರಿಸಿದರೆ ಸಾಕು. ಅಷ್ಟು ಕಡಿಮೆ ಜಾಗದಲ್ಲಿ ಎಲ್ಲ ಕೆಲಸವೂ ಮಣಿಕಟ್ಟು, ಬೆರಳುಗಳ ಮೇಲೆಯೇ ಬೀಳುತ್ತದೆ. ಗುರಿ ಜಾರದಿರಲಿ ಅಂತ ನೀನು ಮೌಸನ್ನು ಇನ್ನೂ ಬಿಗಿ ಹಿಡಿಯುತ್ತೀಯ. 800 ಡಿಪಿಐಗೆ ಇಳಿಸಿ 0.7 ಇಡು, ಸುತ್ತಿಗೆ 23 ಸೆಂ.ಮೀ. ಆಗುತ್ತದೆ. ಅದು ಕೈಗೆ ಹತ್ತಿದ ಮೇಲೆ ನಿಧಾನಕ್ಕೆ 0.4ರ ಕಡೆ ಬಾ, ಆಗ 41 ಸೆಂ.ಮೀ. ಹಾಗಾದಾಗ ತೋಳು ಕೆಲಸ ಮಾಡುತ್ತದೆ, ಬೆರಳಿಗೆ ಕ್ಲಿಕ್ ಮಾಡುವುದಷ್ಟೇ ಉಳಿಯುತ್ತದೆ. ಇದಕ್ಕೆ ಅಗಲವಾದ ಬಟ್ಟೆ ಪ್ಯಾಡ್ ಬೇಕು, ಕೀಬೋರ್ಡ್ ಎಡಕ್ಕೆ ಸರಿಸಬೇಕು. ಮೊದಮೊದಲು ಗುರಿ ತಪ್ಪುತ್ತದೆ, ಗೆಳತಿಯರಿಗೆ ಮುಂಚೆಯೇ ಹೇಳಿಡು.

ಬೆರಳು ಜೋಮು ಹಿಡಿಯುವುದು, ಆಟ ಬಿಟ್ಟ ಮೇಲೂ ನೋವು ಉಳಿಯುವುದು ಇದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗು. ಮೌಸ್ ಆಮೇಲೆ.

ಪ್ರಶ್ನೆ: ಮೇಡಂ, ನನ್ನ ಮಗ 5ನೇ ತರಗತಿ. ಎಡಗೈಯವನು. ಮನೆಯಲ್ಲಿರುವ ಮೌಸ್ ಬಲಗಡೆಗೆ ವಾಲಿದೆ, ಅವನಿಗೆ ಹಿಡಿಯಲು ಬರುವುದಿಲ್ಲ. ಬಲಗೈಯಲ್ಲೇ ಕಲಿಸಲಾ?
— ಓದುಗರು, ರಾಣೆಬೆನ್ನೂರು

ಉತ್ತರ: ಬೇಡ ಸರ್, ಎಡಗೈಯಲ್ಲೇ ಹಿಡಿಯಲಿ. ಎರಡೂ ಪಕ್ಕ ಒಂದೇ ಆಕಾರ ಇರುವ ಚಿಕ್ಕ ಮೌಸ್ ತನ್ನಿ. ಮೇಲೆ ಹೇಳಿದ ಜಿ102 ಕೂಡ ಅಂಥದ್ದೇ. ಒಂದೇ ತೊಡಕು: ಪಕ್ಕದ ಬಟನ್‌ಗಳು ಎಡಗಡೆ ಇವೆ, ಎಡಗೈಯಲ್ಲಿ ಹಿಡಿದರೆ ಉಂಗುರ ಬೆರಳಿಗೆ ತಾಗುತ್ತವೆ. ಕಂಪನಿಯ ಜಿ ಹಬ್ ಸಾಫ್ಟ್‌ವೇರ್‌ನಲ್ಲಿ ಅವನ್ನು ಬಂದ್ ಮಾಡಿಬಿಡಿ. ಬರೀ ಶಾಲೆ ಕೆಲಸಕ್ಕೆ ಆದರೆ ಪಕ್ಕದ ಬಟನ್ನೇ ಇಲ್ಲದ ಸಾದಾ ವೈರ್ ಮೌಸ್ ಸಾಕು. ವಿಂಡೋಸ್ ಸೆಟ್ಟಿಂಗ್ಸ್‌ನ ಮೌಸ್ ಪುಟದಲ್ಲಿ ಎಡ-ಬಲ ಬಟನ್ ಅದಲುಬದಲು ಮಾಡಬಹುದು. ಅದೇ ಕಂಪ್ಯೂಟರ್ ನೀವೂ ಬಳಸುವುದಾದರೆ ಅವನಿಗೆ ಬೇರೆ ಯೂಸರ್ ಅಕೌಂಟ್ ತೆರೆದುಕೊಡಿ. ಆ ಬದಲಾವಣೆ ಅವನ ಅಕೌಂಟಿನಲ್ಲಷ್ಟೇ ಇರುತ್ತದೆ, ನಿಮ್ಮದು ಹಾಗೇ ಇರುತ್ತದೆ.