ಆ ಅಜ್ಜನ ಕೈಯಿಂದ ಶುರು ಮಾಡಿ

ನಮಸ್ಕಾರ.

‘ಐಸ್ ಕೋಲ್ಡ್ ಇನ್ ಅಲೆಕ್ಸ್’ ಸಿನಿಮಾದ ಬಗ್ಗೆ ನೀವು ಕಳಿಸಿದ ಎಂಟು ಪುಟಗಳನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಬರಹ ಇದೆ. ನೀವು ಅದನ್ನು ಕೈಬಿಡಬಾರದು ಅಂತಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ನೀವು ಇಂಗ್ಲೆಂಡಿನ ವೃದ್ಧಾಶ್ರಮವೊಂದರಲ್ಲಿ ನರ್ಸ್. ಅಲ್ಲಿನ ಹಿರಿಯರ ಜೊತೆ ಕೂತು 1958ರ ಈ ಕಪ್ಪು ಬಿಳುಪು ಸಿನಿಮಾ ನೋಡಿದ್ದೀರಿ, ಅವರ ನೆನಪುಗಳನ್ನು ಕೇಳಿಸಿಕೊಂಡಿದ್ದೀರಿ. ಇಂಥ ಅವಕಾಶ ಎಷ್ಟು ಜನಕ್ಕೆ ಸಿಗುತ್ತದೆ? ಆದರೂ ಮೊದಲ ಐದು ಪುಟ ಬರೀ ಕಥೆಯೇ ಆಗಿದೆ. ಎರಡನೇ ಮಹಾಯುದ್ಧದ 1942, ಲಿಬಿಯಾ, ಟೊಬ್ರುಕ್‌ನಿಂದ ಹೊರಟ ಆಂಬುಲೆನ್ಸ್, ಇಬ್ಬರು ಸೈನಿಕರು, ಇಬ್ಬರು ನರ್ಸ್‌ಗಳು, ದಾರಿಯಲ್ಲಿ ಸೇರಿಕೊಂಡ ಜರ್ಮನ್ ಗೂಢಚಾರ. ಇದಕ್ಕೆ ಒಂದು ಪ್ಯಾರಾ ಸಾಕು. ಅಂದ ಹಾಗೆ, ಅಲೆಕ್ಸ್ ಅಂದರೆ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಊರು ಅಂತ ನೀವು ಎಲ್ಲೂ ಹೇಳಿಲ್ಲ. ಗೊತ್ತಿಲ್ಲದವರು ಅಲೆಕ್ಸ್ ಅಂದರೆ ಯಾರೋ ಮನುಷ್ಯ ಅಂದುಕೊಳ್ತಾರೆ, ಅಲ್ವಾ?

‘ಎಲ್ಲರೂ ಕೊನೆಯ ಬಿಯರ್ ದೃಶ್ಯವನ್ನೇ ನೆನೆದರು, ಅದು ಅದ್ಭುತ’ ಅಂತ ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಾನಾಗಿದ್ದರೆ ಅಲ್ಲೇ ನಿಲ್ಲುತ್ತಿದ್ದೆ. ಆಂಬುಲೆನ್ಸಿನ ಕ್ಯಾಪ್ಟನ್ ಆನ್ಸನ್ ಯುದ್ಧದಿಂದ ಒಳಗೊಳಗೇ ಮುರಿದುಹೋದವನು, ಕುಡಿತಕ್ಕೆ ಬಿದ್ದವನು. ಇನ್ನು ಕುಡಿದರೆ ಅಲೆಕ್ಸಾಂಡ್ರಿಯಾದಲ್ಲೇ, ತಣ್ಣನೆಯ ಬಿಯರ್, ಅಂತ ಹಟ ಹಿಡಿಯುತ್ತಾನೆ. ಅಲ್ಲಿಂದ ನಾವೂ ಅವನ ಜೊತೆ ಕಾಯುತ್ತೇವೆ. ನೆಲಬಾಂಬ್ ಹೂತಿಟ್ಟ ನೆಲ, ಈಜಿಪ್ಟಿನ ಮರುಭೂಮಿಯ ಕತ್ತಾರಾ ತಗ್ಗಿನ ಕೆಸರು, ಒಬ್ಬ ನರ್ಸ್‌ನ ಸಾವು, ಎಲ್ಲ ದಾಟುವವರೆಗೆ. ಕೊನೆಗೆ ಆನ್ಸನ್ ಪಾತ್ರದ ನಟ ಜಾನ್ ಮಿಲ್ಸ್ ಗ್ಲಾಸಿನ ಮೇಲೆ ಕೂತ ಹನಿಗಳ ಮೇಲೆ ಸುಮ್ನೆ ಬೆರಳೆಳೆಯುತ್ತಾರೆ. ಆಮೇಲೆ ಒಂದೇ ಉಸಿರಿಗೆ ಗ್ಲಾಸು ಖಾಲಿ. ಅಮೆರಿಕದಲ್ಲಿ ಇದೇ ಸಿನಿಮಾವನ್ನು ತುಂಬಾ ಕತ್ತರಿಸಿ ‘ಡೆಸರ್ಟ್ ಅಟ್ಯಾಕ್’ ಅಂತ ಬಿಡುಗಡೆ ಮಾಡಿದರು. ಕಾಯುವುದನ್ನು ಕತ್ತರಿಸಿದರೆ ಆ ಬಿಯರ್‌ಗೆ ರುಚಿ ಎಲ್ಲಿಂದ ಬರಬೇಕು? ನಿಮ್ಮ ಬರಹದಲ್ಲೂ ಹಾಗೇ ಆಗಿದೆ.

1980ರ ದಶಕದಲ್ಲಿ ಕಾರ್ಲ್ಸ್‌ಬರ್ಗ್ ಬಿಯರ್ ಜಾಹೀರಾತಿಗೆ ಈ ದೃಶ್ಯವನ್ನು ಬಳಸಿದ್ದರು. ನಿಮ್ಮ ಹಿರಿಯರಲ್ಲಿ ಯಾರಿಗೆ ಸಿನಿಮಾ ನೆನಪು, ಯಾರಿಗೆ ಜಾಹೀರಾತು ನೆನಪು ಅಂತ ಇನ್ನೊಮ್ಮೆ ಕೇಳಿ. ನಿಮ್ಮ ಬರಹದಲ್ಲಿ ಎರಡೂ ಬೆರೆತುಹೋಗಿವೆ.

ಒಂದು ತಪ್ಪನ್ನಂತೂ ತಿದ್ದಲೇಬೇಕು. ಮರಳಿನ ಏರಿನಲ್ಲಿ ಆಂಬುಲೆನ್ಸನ್ನು ‘ತಳ್ಳಿಕೊಂಡು ಹೋದರು’ ಅಂತ ಬರೆದಿದ್ದೀರಿ. ಇಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿ, ರಿವರ್ಸ್ ಗೇರ್ ಹಾಕಿ, ಎಂಜಿನ್ ತಿರುಗಿಸುವ ಮುಂದಿನ ಹ್ಯಾಂಡಲನ್ನು ಕೈಯಿಂದ ತಿರುಗಿಸುತ್ತಾರೆ. ಪ್ಲಗ್ ಇಲ್ಲದ ಎಂಜಿನ್ ಹಗುರವಾಗಿ ತಿರುಗುತ್ತದೆ. ಒಂದೊಂದು ಸುತ್ತಿಗೂ ಗಾಡಿ ಹಿಮ್ಮುಖವಾಗಿ ಚೂರೇ ಚೂರು ಮೇಲೇರುತ್ತದೆ. ತುದಿ ಮುಟ್ಟುವ ಹೊತ್ತಿಗೆ ನರ್ಸ್ ಡಯಾನಾಳ ಕೈಯಿಂದ ಹ್ಯಾಂಡಲ್ ಜಾರಿ, ಗಾಡಿ ಪೂರ್ತಿ ಕೆಳಗೆ ಓಡಿಬಿಡುತ್ತದೆ. ಮತ್ತೆ ಮೊದಲಿನಿಂದ ಶುರು.

ಇದನ್ನು ಯಾಕೆ ಇಷ್ಟು ಹೇಳಿದೆ ಅಂದರೆ, ನಿಮ್ಮ ಆರನೇ ಪುಟದ ನಡುವೆ ಒಂದು ಸಾಲಿದೆ. ಈ ದೃಶ್ಯ ಬಂದಾಗ, ವಾರಗಟ್ಟಲೆ ಮಾತಾಡದ ಒಬ್ಬ ಅಜ್ಜನ ಕೈ ಕಂಬಳಿಯ ಕೆಳಗೆ ತಾನಾಗಿಯೇ ತಿರುಗತೊಡಗಿತು ಅಂತ. ಓದಿ ನಾನು ಪುಟ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನೀವು ಮಾತ್ರ ಮುಂದಿನ ಸಾಲಿನಲ್ಲೇ ನಿರ್ದೇಶಕ ಜೆ. ಲೀ ಥಾಂಪ್ಸನ್ ಅವರ ಪರಿಚಯಕ್ಕೆ ಹೋಗಿಬಿಟ್ಟಿರಿ!

ಆ ಕೈಯಿಂದ ಶುರು ಮಾಡಿ. ಬಲಗೈಯೋ ಎಡಗೈಯೋ ಹೇಳಿ. ಗಾಡಿ ಕೆಳಗೆ ಜಾರಿದಾಗ ಆ ಕೈ ನಿಂತಿತೇ? ಬಿಯರ್ ಬಂದಾಗ ಅಜ್ಜ ಏನಾದರೂ ಅಂದರೇ? ‘ಅದ್ಭುತ’ ಅನ್ನೋ ಪದ ಹನ್ನೆರಡು ಕಡೆ ಇದೆ, ಎಲ್ಲವನ್ನೂ ತೆಗೆಯಿರಿ. ಮೂರು ಪುಟ ಸಾಕು, ಜಾಸ್ತಿ ಬೇಡ. ತಿದ್ದಿದ ಪ್ರತಿಯನ್ನು ನನ್ನ ಹೆಸರಿಗೇ ಕಳಿಸಿ, ಬಂದ ದಿನವೇ ಓದುತ್ತೇನೆ.

ಪ್ರೀತಿಯಿಂದ,
ಸಂಪಾದಕ