ಬ್ಲೇಡು ಹೋಯಿತು, ಟಿಕ್ ಉಳಿಯಿತು

ಪ್ರಶ್ನೆ: ಮನೆಯಲ್ಲೇ ಭಾವಗೀತೆ ರೆಕಾರ್ಡ್ ಮಾಡುತ್ತೇನೆ. ಒಂದು ಕಂಡೆನ್ಸರ್ ಮೈಕ್, ಲ್ಯಾಪ್‌ಟಾಪ್, ಸದ್ದು ಕತ್ತರಿಸಿ ಜೋಡಿಸುವ ಅಡಾಸಿಟಿ ತಂತ್ರಾಂಶ, ಇಷ್ಟೇ. ಪಕ್ಕದಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಹಾಕಿಕೊಂಡು ಹಾಡುತ್ತೇನೆ. ಎರಡನೇ ಟೇಕಿನ ಪಲ್ಲವಿ ಚೆನ್ನಾಗಿದೆ, ನಾಲ್ಕನೆಯದರ ಚರಣ ಚೆನ್ನಾಗಿದೆ. ಜೋಡಿಸಿದರೆ ನಡುವೆ ‘ಟಿಕ್’ ಅನ್ನುತ್ತಿತ್ತು. ತೆರೆಯ ಮೇಲೆ ಕಾಣುವ ದನಿಯ ಅಲೆ ನಡುವಿನ ಸೊನ್ನೆ ಗೆರೆ ದಾಟುವಲ್ಲಿ ಕತ್ತರಿಸು ಅಂದರು ಗೆಳೆಯರು. ಟಿಕ್ ಹೋಯಿತು, ಆದರೆ ಅಲ್ಲೇನೋ ಎಡವಿದ ಹಾಗೆ ಈಗಲೂ ಕೇಳಿಸುತ್ತದೆ. ಏನು ಮಾಡಲಿ?
(ಓದುಗರು, ಶಿರಸಿ)

ಉತ್ತರ: ಈ ಸಲ ಕಳ್ಳ ತಂಬೂರಿ. ಅದನ್ನು ಆಮೇಲೆ ಹಿಡಿಯೋಣ, ಮೊದಲು ಟಿಕ್ ನೋಡೋಣ.

ಕಂಪ್ಯೂಟರು ನಿಮ್ಮ ದನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 44,100 ಸಲ ಅಳೆದು ಬರೆದಿಟ್ಟುಕೊಳ್ಳುತ್ತದೆ. ಒಂದು ತುಂಡು ಅಲೆಯ ನೆತ್ತಿಯಲ್ಲಿ ಮುಗಿದು, ಮುಂದಿನದು ತಗ್ಗಿನಲ್ಲಿ ಶುರುವಾದರೆ ಸ್ಪೀಕರಿನ ಕಾಗದ ಒಮ್ಮೆಲೇ ಜಿಗಿಯಬೇಕಾಗುತ್ತದೆ. ಆ ಜಿಗಿತದ ಸದ್ದೇ ಟಿಕ್. ಅಡಾಸಿಟಿಯಲ್ಲಿ ‘ಝಡ್’ ಕೀಲಿ ಒತ್ತಿದರೆ ಆಯ್ದ ಭಾಗದ ತುದಿಗಳು ಹತ್ತಿರದ ಸೊನ್ನೆಗೆ ಸರಿದು ಕೂರುತ್ತವೆ. ಒಳ್ಳೆಯದೇ. ಆದರೆ ಒಂದು ಅಲೆ ಏರುತ್ತಾ ಸೊನ್ನೆಗೆ ಬಂದು, ಇನ್ನೊಂದು ಮತ್ತೆ ಕೆಳಗೇ ಇಳಿದರೆ ಮುರುಕು ಅಲ್ಲೇ ಇರುತ್ತದೆ. ಸ್ಟೀರಿಯೋ ಆದರಂತೂ ಎಡ, ಬಲ ಎರಡೂ ಒಟ್ಟಿಗೆ ಸೊನ್ನೆಗೆ ಬರುವುದೇ ಅಪರೂಪ. ಹಾಗಾಗಿ ನಾನು ಸೊನ್ನೆ ಹುಡುಕುತ್ತಾ ಕೂರುವುದಿಲ್ಲ. ಎರಡು ತುಂಡುಗಳನ್ನು 10ರಿಂದ 20 ಮಿಲಿಸೆಕೆಂಡ್ ಒಂದರ ಮೇಲೊಂದು ಹಾಯಿಸಿ, ಕ್ರಾಸ್‌ಫೇಡ್ ಹಾಕುತ್ತೇನೆ.

ಇದು ಟೇಪಿನ ಕಾಲದಲ್ಲಿ ಕಲಿತ ಬುದ್ಧಿ. ಆಗ ನಾವು ರೀಲನ್ನು ಕೈಯಲ್ಲಿ ಹಿಂದೆ ಮುಂದೆ ಆಡಿಸಿ, ಮೇಣದ ಪೆನ್ಸಿಲಿನಲ್ಲಿ ಗುರುತು ಹಾಕಿ, ಬ್ಲೇಡಿನಲ್ಲಿ ಕೊಯ್ಯುತ್ತಿದ್ದೆವು. ನೆಟ್ಟಗೆ ಕೊಯ್ಯುತ್ತಿರಲಿಲ್ಲ, 45 ಡಿಗ್ರಿ ಓರೆಯಾಗಿ. ಟೇಪಿನ ಅಗಲ ಕಾಲು ಇಂಚು, ವೇಗ ಸೆಕೆಂಡಿಗೆ 15 ಇಂಚು. ಲೆಕ್ಕ ಹಾಕಿ: ಆ ಓರೆ ಗಾಯ ಟೇಪನ್ನು ಓದುವ ಹೆಡ್ಡಿನ ಮುಂದೆ ಹಾದುಹೋಗಲು ಸುಮಾರು 17 ಮಿಲಿಸೆಕೆಂಡ್ ಬೇಕು. ಅಷ್ಟು ಹೊತ್ತು ಹಳೆಯ ತುಂಡು ಸಣ್ಣಗಾಗುತ್ತಾ ಹೊಸದು ದೊಡ್ಡದಾಗುತ್ತಿತ್ತು. ಕ್ರಾಸ್‌ಫೇಡ್ ಅಂದರೆ ಅದೇ ಅಲ್ವಾ? ಆದರೂ ಆಗೊಮ್ಮೆ ಒಂದು ವಾರ ಪೂರ್ತಿ ನನ್ನ ಪ್ರತಿ ಜೋಡಣೆಯೂ ಟಿಕ್ ಅನ್ನುತ್ತಿತ್ತು. ಕೈ ನಡುಗುತ್ತಿದೆಯೇನೋ ಅಂದುಕೊಂಡೆ. ಹಿರಿಯರೊಬ್ಬರು ನನ್ನ ಬ್ಲೇಡನ್ನು ಗುಂಡುಪಿನ್ನಿನ ಹತ್ತಿರ ಹಿಡಿದರು. ಪಿನ್ನು ಟಪ್ ಅಂತ ಅಂಟಿಕೊಂಡಿತು! ಬ್ಲೇಡಿಗೆ ಅಯಸ್ಕಾಂತದ ಗುಣ ಬಂದಿತ್ತು, ಕೊಯ್ದಲ್ಲೆಲ್ಲ ಟೇಪಿನ ಮೇಲೆ ಟಿಕ್ ಬರೆದು ಹೋಗುತ್ತಿತ್ತು.

ಇನ್ನು ಎಲ್ಲಿ ಕತ್ತರಿಸಬೇಕು? ಸಾಲು ಮುಗಿದ ಮೇಲಿನ ಮೌನದಲ್ಲಿ ಅಂತ ಎಲ್ಲರೂ ಹೇಳುತ್ತಾರೆ. ಸಾಲಿನ ನಡುವೆಯೇ ಕತ್ತರಿಸಬೇಕಾಗಿ ಬಂದರೆ ನಮ್ಮ ಒತ್ತಕ್ಷರಗಳ ಹತ್ತಿರ ಹೋಗಿ. ‘ಹಕ್ಕಿ’, ‘ಮುತ್ತು’, ‘ಕಪ್ಪು’ ಹಾಡಿದ ಜಾಗವನ್ನು ಹಿಗ್ಗಿಸಿ ನೋಡಿ. ‘ಹ’ ಆದ ಮೇಲೆ ಬಾಯಿ ಮುಚ್ಚಿ ‘ಕ್ಕಿ’ ಸಿಡಿಯುವವರೆಗೆ ಅಲೆ ಹೆಚ್ಚುಕಡಿಮೆ ಚಪ್ಪಟೆ. ದೇವರು ಕೊಟ್ಟ ಕಿಂಡಿ ಅದು. ಸಿಡಿತಕ್ಕೆ ತುಸು ಮುಂಚೆ ಕತ್ತರಿಸಿ, ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ‘ಅಮ್ಮ’, ‘ಕಣ್ಣು’, ‘ಎಲ್ಲ’ ಇವನ್ನು ನಂಬಬೇಡಿ, ಇವುಗಳ ಒತ್ತಿನಲ್ಲಿ ದನಿ ನಿಲ್ಲುವುದೇ ಇಲ್ಲ. ‘ಅಜ್ಜಿ’, ‘ಹಗ್ಗ’ ನಡುವಿನವು, ಒಳಗೊಳಗೇ ಗುಂಯ್‌ಗುಡುತ್ತಿರುತ್ತವೆ. ಎಳೆದು ಹಾಡಿದ ಸ್ವರದ ನಡುವೆ, ಅದರಲ್ಲೂ ಗಮಕದ ನಡುವೆ, ದಮ್ಮಯ್ಯ ಅಂತೀನಿ, ಕೈ ಹಾಕಬೇಡಿ. ಇನ್ನೊಮ್ಮೆ ಹಾಡುವುದು ಸುಲಭ.

ಈಗ ತಂಬೂರಿ. ಪ, ಸಾ, ಸಾ, ಸ ಅಂತ ನಾಲ್ಕು ತಂತಿ ಸುತ್ತು ಹೊಡೆಯುತ್ತಿರುತ್ತದೆ. ನಿಮ್ಮ ಮೈಕು ದನಿಯ ಜೊತೆ ಅದನ್ನೂ ಹಿಡಿದಿದೆ. ಎರಡನೇ ಟೇಕಿನಲ್ಲಿ ಪಂಚಮ ಮೀಟಿದ ಕೂಡಲೇ ಕತ್ತರಿಸಿ, ನಾಲ್ಕನೆಯದನ್ನು ಮಂದ್ರ ಷಡ್ಜದಿಂದ ಹಿಡಿದರೆ ನಡುವೆ ಎರಡು ಮೀಟು ಮಾಯ. ದನಿ ಸರಿಯಾಗಿ ಕೂತರೂ ಕಿವಿಗೆ ಎಡವಿದಂತೆ ಆಗುವುದು ಇದಕ್ಕೇ. ಈ ಟೇಕುಗಳನ್ನೇ ಉಳಿಸಬೇಕೆಂದರೆ ಎರಡರಲ್ಲೂ ಸುತ್ತಿನ ಒಂದೇ ತಂತಿಯ ಬಳಿ ಕತ್ತರಿಸಿ. ಕೂದಲೆಳೆಯ ಕೆಲಸ, ಒಂದು ಸಂಜೆ ಹೋಗುತ್ತದೆ. ನಾನಾಗಿದ್ದರೆ ತಂಬೂರಿಯನ್ನು ಹೆಡ್‌ಫೋನಿಗೆ ಹಾಕಿಕೊಂಡು ಮತ್ತೆ ಹಾಡುತ್ತಿದ್ದೆ. ಮುಚ್ಚಿದ ಬಗೆಯ ಹೆಡ್‌ಫೋನು, ಒಂದು ಕಿವಿ ಬಿಟ್ಟುಕೊಂಡರೆ ಆ ಕಡೆಯ ಸದ್ದು ನಿಲ್ಲಿಸಿ. ದನಿಯನ್ನು ಒಣಗಿದ್ದಾಗಲೇ, ಅಂದರೆ ಮೇಲೆ ಇನ್ನೇನೂ ಸೇರಿಸದಿದ್ದಾಗಲೇ, ಕತ್ತರಿಸಿ ಜೋಡಿಸಿ. ಕೊನೆಗೆ ಬೇರೆ ಟ್ರ್ಯಾಕಿನಲ್ಲಿ ಮೊದಲಿನಿಂದ ಕಡೆಯವರೆಗೆ ಒಂದೇ ತಂಬೂರಿ ಹಾಸಿ, ಆಮೇಲೆ ರಿವರ್ಬ್, ಅಂದರೆ ದೊಡ್ಡ ಕೋಣೆಯಲ್ಲಿ ಹಾಡಿದಂಥ ಮಾರ್ದನಿ. ರಿವರ್ಬ್ ಹಾಕಿದ ಮೇಲೆ ಕತ್ತರಿಸಿದರೆ ಅದರ ಬಾಲವೂ ತುಂಡಾಗುತ್ತದೆ.

ಪ್ರಶ್ನೆ: ಉಸಿರಿನ ಸದ್ದನ್ನೆಲ್ಲ ತೆಗೆಯಬೇಕೇ?
(ಓದುಗರು, ತುಮಕೂರು)

ಉತ್ತರ: ಒಮ್ಮೆ ವಯಸ್ಸಾದ ಗಾಯಕಿಯೊಬ್ಬರ ಹಾಡಿನಿಂದ ಒಂದೂ ಬಿಡದೆ ತೆಗೆದಿದ್ದೆ. ಕೇಳಿ ಅವರು ಅಂದದ್ದು, ‘ಏನಪ್ಪಾ, ನಾನು ಸತ್ತು ಹಾಡಿದ್ದೀನಾ?’ ಅಂದಿನಿಂದ ತೆಗೆಯುವುದಿಲ್ಲ. ಜಾಸ್ತಿ ಕೇಳುವ ಉಸಿರನ್ನು 6ರಿಂದ 10 ಡೆಸಿಬಲ್ ತಗ್ಗಿಸುತ್ತೇನೆ, ಅಷ್ಟೇ. ತೆಗೆಯಲೇಬೇಕಾದ ಕೆಮ್ಮು ಗಿಮ್ಮು ಇದ್ದರೆ ಆ ಜಾಗವನ್ನು ಖಾಲಿ ಬಿಡಬೇಡಿ. ಕೋಣೆಗೂ ಅದರದೇ ಸದ್ದಿರುತ್ತದೆ, ಫ್ಯಾನು ಆರಿಸಿದ ಮೇಲೂ. ಹಾಡುವ ಮುಂಚೆ ಅರ್ಧ ನಿಮಿಷ ಸುಮ್ನೆ ಕೂತು ಅದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ. ತೇಪೆಗೆ ಅದೇ ಬಟ್ಟೆ.

ಪ್ರಶ್ನೆ: ತಬಲಾದ ಒಂದು ಆವರ್ತನವನ್ನು ಎಂಪಿ3ಯಲ್ಲಿ ಕಳಿಸಿದ್ದಾರೆ. ಲೂಪ್ ಮಾಡಿದರೆ ಪ್ರತಿ ಸುತ್ತಿನಲ್ಲೂ ತಡವರಿಸುತ್ತದೆ. ತಾಳ ತಪ್ಪಿದ್ದಾರಾ?
(ಓದುಗರು, ಹುಬ್ಬಳ್ಳಿ)

ಉತ್ತರ: ಪಾಪ, ಅವರನ್ನು ಬೈಯಬೇಡಿ. ಎಂಪಿ3 ಮಾಡುವಾಗ ಶುರುವಿನಲ್ಲಿ ಒಂದಿಷ್ಟು ಮೌನ ತಾನಾಗಿಯೇ ಸೇರಿಕೊಳ್ಳುತ್ತದೆ. ವೇವ್ ಫೈಲ್ ಕೇಳಿ ತರಿಸಿಕೊಳ್ಳಿ, ಅದರಲ್ಲಿ ಈ ಮೌನ ಸೇರುವುದಿಲ್ಲ.