ಗೋಡೆ ಕುಡಿದ ಟ್ರಿಟಿಯಂ ವಾಪಸ್ ಬರುತ್ತಾ?

ಪ್ರಶ್ನೆ: ಮೇಷ್ಟ್ರೇ, ಹಗುರ ಪರಮಾಣುಗಳನ್ನು ಬೆಸೆದು ಶಕ್ತಿ ತೆಗೆಯೋ ಫ್ಯೂಷನ್ ರಿಯಾಕ್ಟರಿನಲ್ಲಿ ಟ್ರಿಟಿಯಂ ಇಂಧನ ಗೋಡೆಯೊಳಗೇ ಸೇರಿಕೊಂಡುಬಿಡುತ್ತದೆ ಅಂತ ಓದಿದೆ. ಅನಿಲ ಗೋಡೆಗೆ ಹೇಗೆ ಇಳಿಯುತ್ತೆ? ಹೊರಗೆ ತೆಗೆಯೋದು ಹೇಗೆ? ಸುಮ್ನೆ ಬಿಟ್ಟರೆ ಆಗಲ್ವಾ?
– ಪಿಯುಸಿ ವಿದ್ಯಾರ್ಥಿನಿ, ಮಾಲೂರು

ಉತ್ತರ: ಮನೆಯಲ್ಲಿ ಮೊಸರಿನ ಮಣ್ಣಿನ ಮಡಕೆ ಇದ್ದರೆ ತೊಳೆದು ಮೂಗಿನ ಹತ್ತಿರ ಹಿಡಿದು ನೋಡಮ್ಮ. ಹುಳಿ ವಾಸನೆ ಹೋಗಿರಲ್ಲ. ನಮ್ಮಜ್ಜಿ ಅದನ್ನು ಒಲೆ ಮೇಲೆ ಬೋರಲು ಹಾಕಿ ಕಾಯಿಸುತ್ತಿದ್ದರು. ಮಡಕೆ ಬಿಸಿಯಾಗುತ್ತಿದ್ದ ಹಾಗೆ ಹುಳಿ ಆವಿ ಏಳುತ್ತಿತ್ತು, ಮೈಮೇಲಿನ ತೇವದ ಕಲೆ ಅಂಚಿನಿಂದ ಕುಗ್ಗುತ್ತಾ ಕುಗ್ಗುತ್ತಾ ಕೊನೆಗೆ ಮಾಯವಾಗುತ್ತಿತ್ತು.

ರಿಯಾಕ್ಟರಿನ ಗೋಡೆಗೂ ಮೊದಲ ಮದ್ದು ಇದೇ, ಕಾಯಿಸೋದು. ಟ್ರಿಟಿಯಂ ಅಂದರೆ ಎರಡು ನ್ಯೂಟ್ರಾನ್ ಜಾಸ್ತಿ ಇರೋ ಹೈಡ್ರೋಜನ್. ಅಷ್ಟು ಪುಟ್ಟದಾದ್ದರಿಂದ ಲೋಹದ ಪರಮಾಣುಗಳ ಸಂದಿಯಲ್ಲಿ ನುಸುಳಿ, ಎಲ್ಲಿ ಒಂದು ಪರಮಾಣು ತಪ್ಪಿ ಜಾಗ ಖಾಲಿ ಇದೆಯೋ ಅಲ್ಲಿ ಕೂತುಬಿಡುತ್ತದೆ. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಫ್ಯೂಷನ್ ಯಂತ್ರ ಐಟರ್‌ನಲ್ಲಿ ಗೋಡೆಯನ್ನು 240 ಡಿಗ್ರಿಗೆ, ಬೂದಿ, ಕಸ ಹೊರಹಾಕುವ ಕೆಳಗಿನ ಡೈವರ್ಟರ್ ಭಾಗವನ್ನು 350 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುವ ಏರ್ಪಾಡಿದೆ. ಇನ್ನೊಂದು ದಾರಿ, ಬರೀ ಡ್ಯೂಟೀರಿಯಂ (ಒಂದು ನ್ಯೂಟ್ರಾನ್ ಜಾಸ್ತಿ ಇರೋ ಹೈಡ್ರೋಜನ್) ಪ್ಲಾಸ್ಮಾ, ಅಂದರೆ ಕಾದು ಎಲೆಕ್ಟ್ರಾನ್ ಕಳಚಿಕೊಂಡ ಅನಿಲ, ಓಡಿಸೋದು. ಡ್ಯೂಟೀರಿಯಂ ಒಳಗೆ ನುಗ್ಗಿ ಟ್ರಿಟಿಯಂ ಅನ್ನು ಎಬ್ಬಿಸಿ ಅದರ ಜಾಗದಲ್ಲಿ ತಾನು ಕೂರುತ್ತದೆ, ಎದ್ದಿದ್ದನ್ನು ಪಂಪ್ ಎಳೆದುಕೊಳ್ಳುತ್ತದೆ. ಲೇಸರ್ ಹಾಯಿಸಿ ಮೇಲಿನ ತೆಳು ಪದರವನ್ನು ಮಾತ್ರ ಕ್ಷಣಕಾಲ ಕಾಯಿಸುವುದೂ ಉಂಟು.

ಆದರೆ ನನ್ನ ಕೇಳಿದರೆ, ತೆಗೆಯೋ ಉಪಾಯಕ್ಕಿಂತ ಗೋಡೆ ಯಾವುದರದ್ದು ಅನ್ನೋದೇ ಮುಖ್ಯ. ಇಂಗ್ಲೆಂಡಿನ ಜೆಟ್ (JET) ಅನ್ನೋ ಫ್ಯೂಷನ್ ಯಂತ್ರದ ಕಥೆ ನೋಡಿ. 1997ರಲ್ಲಿ ಅದಕ್ಕೆ ಇಂಗಾಲದ ಗೋಡೆ ಇತ್ತು. ಯಂತ್ರದೊಳಗೆ ಸುಮಾರು 35 ಗ್ರಾಂ ಟ್ರಿಟಿಯಂ ಹಾಯಿಸಿದರೆ ಅದರಲ್ಲಿ ಹೆಚ್ಚುಕಡಿಮೆ 11.5 ಗ್ರಾಂ ಒಳಗೇ ಉಳಿಯಿತು. ತಿಂಗಳುಗಟ್ಟಲೆ ಶುಚಿ ಮಾಡಿದ ಮೇಲೂ 6 ಗ್ರಾಂ ಹತ್ತಿರ ಬರಲೇ ಇಲ್ಲ. ಇಂಗಾಲ ಹೈಡ್ರೋಜನ್ ಜೊತೆ ಕೂಡಿ ಸವೆಯುತ್ತದೆ, ಸವೆದದ್ದು ಪ್ಲಾಸ್ಮಾ ತಾಕದ ತಣ್ಣನೆ ಮೂಲೆಗಳಿಗೆ ಹೋಗಿ ಟ್ರಿಟಿಯಂ ಸಮೇತ ಪದರ ಕಟ್ಟುತ್ತದೆ, ಆಮೇಲೆ ಹಳೇ ಸುಣ್ಣದ ಗೋಡೆ ಚಕ್ಕೆ ಏಳುವ ಹಾಗೆ ಉದುರುತ್ತದೆ. ಅಂಥ ಮೂಲೆಗೆ ಕಾವೂ ತಾಕಲ್ಲ, ಲೇಸರೂ ಕಾಣಲ್ಲ. 2011ರಲ್ಲಿ ಜೆಟ್‌ಗೆ ಬೆರಿಲಿಯಂ, ಟಂಗ್‌ಸ್ಟನ್ ಗೋಡೆ ಹಾಕಿದರು. ಒಳಗೆ ಉಳಿಯುವ ಇಂಧನ ಹತ್ತು ಪಟ್ಟಿಗೂ ಜಾಸ್ತಿ ಇಳಿಯಿತು! ಟಂಗ್‌ಸ್ಟನ್‌ಗೂ ತೊಡಕಿದೆ ಅನ್ನಿ. ಫ್ಯೂಷನ್ನಿನ ನ್ಯೂಟ್ರಾನ್ ಏಟಿಗೆ ಅದರೊಳಗೆ ಹೊಸ ಗುಳಿಗಳು ಬೀಳುತ್ತವೆ, ಅಲ್ಲಿ ಸಿಕ್ಕಿಕೊಂಡದ್ದು 350 ಡಿಗ್ರಿಗೆಲ್ಲ ಪೂರ್ತಿ ಹೊರಡಲ್ಲ.

ಸುಮ್ನೆ ಬಿಡೋದು? ನಿಮ್ಮ ಪಕ್ಕದ ಕೆಜಿಎಫ್‌ನ ಸಯನೈಡ್ ದಿಬ್ಬ ನೋಡಿದ್ದೀರಲ್ವಾ? ಗಣಿ 2001ರಲ್ಲೇ ಮುಚ್ಚಿತು, ಆ ಮಣ್ಣಲ್ಲಿ ಅಳಿದುಳಿದ ಚಿನ್ನ ಹಾಗೇ ಇದೆ. ಚಿನ್ನ ಕಾಯುತ್ತೆ, ಟ್ರಿಟಿಯಂ ಕಾಯಲ್ಲ. ಅದು ವಿಕಿರಣಶೀಲ, 12.3 ವರ್ಷಕ್ಕೆ ಅರ್ಧ ಹೀಲಿಯಂ ಆಗಿರುತ್ತದೆ. 1 ಗಿಗಾವ್ಯಾಟ್ ಫ್ಯೂಷನ್ ಶಕ್ತಿ ವರ್ಷಪೂರ್ತಿ ಬೇಕಂದರೆ ಸುಮಾರು 55 ಕೆಜಿ ಟ್ರಿಟಿಯಂ ಉರಿಸಬೇಕು, ಜಗತ್ತಿನಲ್ಲಿ ನಾಗರಿಕ ಬಳಕೆಗೆ ಇರುವ ದಾಸ್ತಾನು ಅದಕ್ಕಿಂತ ಕಡಿಮೆ. ಹಾಗಿರುವಾಗ ಗೋಡೆಗೆ ಗ್ರಾಂಗಟ್ಟಲೆ ಬಿಟ್ಟುಕೊಡೋಕಾಗಲ್ಲ. ಸುರಕ್ಷತೆಯ ಲೆಕ್ಕವೂ ಇದೆ: ಐಟರ್‌ನ ಪಾತ್ರೆಯೊಳಗೆ ಒಟ್ಟು 1 ಕೆಜಿ ಮೀರುವಂತಿಲ್ಲ. ಮೀರುವ ಹಾಗಾದರೆ ಯಂತ್ರ ನಿಲ್ಲಿಸಿ ತೆಗೆಯಲೇಬೇಕು.

ಪ್ರಶ್ನೆ: ಆ ಗೋಡೆ ಮುಟ್ಟಿದರೆ ಟ್ರಿಟಿಯಂನಿಂದ ಅಪಾಯವಾ ಸರ್?
– ಓದುಗರು, ಚಿಂತಾಮಣಿ

ಉತ್ತರ: ಟ್ರಿಟಿಯಂ ಹೊರಸೂಸುವ ಬೀಟಾ ಕಿರಣ (ವೇಗದ ಎಲೆಕ್ಟ್ರಾನ್) ಗಾಳಿಯಲ್ಲಿ ಸುಮಾರು 6 ಮಿಲಿಮೀಟರ್ ಹೋಗುವಷ್ಟರಲ್ಲಿ ನಿಲ್ಲುತ್ತದೆ, ಚರ್ಮದ ಮೇಲ್ಪದರವನ್ನೂ ದಾಟಲ್ಲ. ಭಯ ಇರೋದು ಒಳಗೆ ಹೋದರೆ. ಚಕ್ಕೆಯ ಧೂಳು ಉಸಿರಿಗೆ ಸಿಗಬಹುದು, ಅಥವಾ ಟ್ರಿಟಿಯಂ ನೀರಾಗಿ ಉಸಿರಿನಲ್ಲಿ, ಚರ್ಮದ ಮೂಲಕ ಮೈಗೆ ಸೇರಬಹುದು. ನೀರಾಗಿ ಸೇರಿದ್ದರಲ್ಲಿ ಅರ್ಧ ಸುಮಾರು 10 ದಿನಕ್ಕೆ ಹೊರಗೆ ಹೋಗುತ್ತದೆ. ಬೇಗ ಹೋಗಲಿ ಅಂತ ವೈದ್ಯರು ಜಾಸ್ತಿ ನೀರು ಕುಡಿಸುತ್ತಾರೆ.